ಒಂಬತ್ತು ಗಂಟೆಯ ಕುರ್ಚಿ

“ನನ್ನನ್ನ ಅಳೆಯೋಕೆ ಬಂದಿರೋರು ನೀವೇನಾ?”

ಮರದ ಹೊಟ್ಟಿನ ಮಬ್ಬಿನ ಆಚೆಯಿಂದ ಬಂದ ಪ್ರಶ್ನೆಗೆ ಬೃಂದಾ ಬೆಚ್ಚಿದಳು. ಕೈಯಲ್ಲಿದ್ದ ಸ್ಟಾಪ್‌ವಾಚ್ ತಾನಾಗಿಯೇ ದುಪಟ್ಟಾದ ಮರೆಗೆ ಹೋಯಿತು.

“ನಿಮ್ಮನ್ನಲ್ಲ ಸಾರ್... ಕುರ್ಚಿನ.”

“ಕುರ್ಚಿ ಅಳೆಯೋಕೆ ಟೇಪು ಸಾಕು. ಗಡಿಯಾರ ಯಾಕೆ?”

ಸುತ್ತಲಿದ್ದ ಬಡಗಿಗಳು ನಕ್ಕರು. ಅವನು ಮಾತ್ರ ನಗಲಿಲ್ಲ. ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ತೋಳಿಗೆ ಹತ್ತಿದ್ದ ಪುಡಿ ಕೊಡವಿಕೊಂಡು, ಅವಳನ್ನು ನೇರವಾಗಿ ನೋಡಿದ. ಬೃಂದಾಳಿಗೆ ಆ ನೋಟವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಆಮೇಲೆ ಅವನು ಮೂಲೆಯಿಂದ ಒಂದು ಸ್ಟೂಲು ತಂದಿಟ್ಟ.

“ಕೂತ್ಕೊಳಿ ಮೇಡಂ. ನಿಂತ್ಕೊಂಡ್ ನೋಡಿದ್ರೆ ಪೊಲೀಸ್ ಥರ ಕಾಣ್ತೀರ.”

ಅವನು ತಿರುಮಲೇಶ. ನಂಜನಗೂಡಿನವನು. ಪೋರೂರಿನ ಈ ಫರ್ನಿಚರ್ ಫ್ಯಾಕ್ಟರಿಯಲ್ಲಿ ಯಾವ ಹೊಸ ಮಾದರಿಯಾದರೂ ಮೊದಲು ಅವನ ಕೈಯಲ್ಲೇ ಆಗಬೇಕು. ಬೃಂದಾ ಟ್ರಿಪ್ಲಿಕೇನಿನವಳು. ಅವಳ ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದು ನೆಲೆಸಿದ ಮನೆತನ. ಕಾಸ್ಟ್ ಅಕೌಂಟೆನ್ಸಿ ಪರೀಕ್ಷೆ ಮುಗಿಸಿ, ಆರು ತಿಂಗಳ ಪ್ರೊಬೇಷನ್ ಮೇಲೆ ಸೇರಿದ ಮೊದಲ ಕೆಲಸ ಇದು.

ಮಾಲೀಕರಾದ ಪಂಢರಿನಾಥ ರಾಯರು ಅದುವರೆಗೂ ಬೆಲೆಯನ್ನು ಮನಸ್ಸಿಗೆ ತೋಚಿದಂತೆ ಹೇಳುತ್ತಿದ್ದರು. ಕೆಲವು ಕುರ್ಚಿಗಳಲ್ಲಿ ಲಾಭ, ಕೆಲವುಗಳಲ್ಲಿ ನಷ್ಟ... ಯಾವುದರಲ್ಲಿ ಏನು ಎಂದು ಅವರಿಗೂ ತಿಳಿಯದು. ಅದಕ್ಕೇ ಬೃಂದಾ ಬಂದಿದ್ದಳು. ಒಂದು ಕುರ್ಚಿಗೆ ಇಷ್ಟು ತೇಗ, ಇಷ್ಟು ಅಂಟು, ಇಷ್ಟು ಪಾಲಿಶ್, ಇಷ್ಟು ಹೊತ್ತಿನ ಕೂಲಿ ಎಂದು ಮೊದಲೇ ನಿಗದಿ ಮಾಡುವುದು. ಅದು ಸ್ಟ್ಯಾಂಡರ್ಡ್. ತಿಂಗಳ ಕೊನೆಗೆ ನಿಜವಾಗಿ ಆದದ್ದನ್ನು ಅದರ ಪಕ್ಕ ಇಟ್ಟು ನೋಡುವುದು. ಹೆಚ್ಚಾಗಿದ್ದರೆ ಯಾಕೆ? ಕಡಿಮೆಯಾಗಿದ್ದರೆ ಯಾಕೆ? ಆ ವ್ಯತ್ಯಾಸಕ್ಕೊಂದು ಕಾರಣ ಬರೆಯುವುದು.

ಪುಸ್ತಕದಲ್ಲಿ ಎಷ್ಟು ಸರಳವಾಗಿತ್ತು!

ಬೃಂದಾ ಕೂತಳು. ಸ್ಟೂಲು ಒಂದು ಕಡೆಗೆ ವಾಲಿತು. ಬಿದ್ದೇ ಹೋಗುತ್ತಿದ್ದಳು!

“ಫರ್ನಿಚರ್ ಫ್ಯಾಕ್ಟರಿಲಿ ಕಾಲು ಸರಿಯಿಲ್ಲದ ಸ್ಟೂಲಾ?” ಅಂದಳು, ಗಾಬರಿಯಲ್ಲಿ ಬಾಯಿ ಜಾರಿ.

ಈ ಸಲ ಅವನು ನಕ್ಕ.

ಮರುದಿನ ಅವಳು ಬಂದು ಅದೇ ಸ್ಟೂಲಿನ ಮೇಲೆ ಕೂತಾಗ ಅದು ಅಲುಗಲಿಲ್ಲ. ನಾಲ್ಕೂ ಕಾಲು ನೆಲಕ್ಕೆ ಒತ್ತಿ ಕೂತಿದ್ದವು. ಅವನು ಆ ಬಗ್ಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಆದರೆ ಆ ದಿನವಿಡೀ ಅವಳ ಎದೆಯಲ್ಲಿ ಏನೋ ಒಂದು, ಆ ಸ್ಟೂಲಿನ ಬದಲಿಗೆ, ಅಲುಗುತ್ತಲೇ ಇತ್ತು.

* * *

ಕೈಯಿರುವ ತೇಗದ ಊಟದ ಕುರ್ಚಿ. ಅದರ ಹೊತ್ತು ನಿಗದಿಯಾಗಬೇಕಿತ್ತು. ಒಂದೇ ಸಲ ನೋಡಿದರೆ ಸಾಲದು. ಮತ್ತೆ ಮತ್ತೆ ನೋಡಿ ಸರಾಸರಿ ತೆಗೆಯಬೇಕು. ಹಾಗಾಗಿ ಬೃಂದಾ ದಿನವೂ ಬಂದಳು. ಅವನು ಕೀಸುಳಿ ಹಿಡಿದು ಹಲಗೆ ಕೀಸುವುದನ್ನು, ಉಳಿಯಿಂದ ಜೋಡಣೆಯ ಗುಳಿ ತೋಡುವುದನ್ನು, ಅಂಟು ಹಚ್ಚಿ ಕ್ಲಾಂಪ್ ಬಿಗಿಯುವುದನ್ನು ನೋಡಿದಳು. ನೋಡುವುದೇ ಅವಳ ಕೆಲಸ. ಇಷ್ಟು ಒಳ್ಳೆಯ ಕೆಲಸ ಇನ್ನೊಂದಿದೆಯೇ ಎಂದು ಒಮ್ಮೆ ಅನ್ನಿಸಿ ಕಿವಿ ಬಿಸಿಯಾಯಿತು.

“ಈಗ ಉಪ್ಪುತಾಳು ಹಾಕಿ ತೇಯ್ತೀರಾ?” ಎಂದು ಕೇಳಿದಳು.

“ಏನ್ ಹಾಕಿ?”

“ಅದೇ... ಆ ಒರಟು ಪೇಪರ್. ನಮ್ಮ ಮನೇಲಿ ಉಪ್ಪುತಾಳು ಅಂತೀವಿ. ತಮಿಳಲ್ವಾ ಅದು? ಸುಮ್ಮಾ ಬಾಯಿಗೆ ಬಂತು.”

“ಸ್ಯಾಂಡ್ ಪೇಪರ್ ಅನ್ನೋದಕ್ಕಿಂತ ಚೆನ್ನಾಗಿದೆ. ಇನ್ಮೇಲೆ ನಾನೂ ಉಪ್ಪುತಾಳೇ ಅಂತೀನಿ.”

“ಗೇಲಿ ಮಾಡ್ಬೇಡಿ.”

“ಗೇಲಿ ಅಲ್ಲ ಮೇಡಂ. ನಿಮ್ ಕನ್ನಡ ಕೇಳ್ತಾ ಇದ್ರೆ... ಸಂತೋಷ ಆಗುತ್ತೆ.”

ಸಂತೋಷ! ಅವಳು ತಲೆ ತಗ್ಗಿಸಿ ಹೊತ್ತು ಬರೆದುಕೊಂಡಳು. ಏನು ಬರೆದಳೋ ಅವಳಿಗೇ ಓದಲು ಬರಲಿಲ್ಲ.

ಅವನು ಕುರ್ಚಿಯ ಕೈಯನ್ನು ಉಜ್ಜಿದ. ಬೆರಳಾಡಿಸಿ ನೋಡಿದ. ಮತ್ತೆ ಉಜ್ಜಿದ.

“ಇಲ್ಲಿನ್ನೂ ಸ್ವಲ್ಪ ಒರಟಿದೆ ಅಲ್ವಾ? ಮುಟ್ ನೋಡಿ.”

ಅವಳು ಮುಟ್ಟಿ ನೋಡಿದಳು. ಒರಟಿರಲಿಲ್ಲ. ಬೆರಳು ಜಾರುವಷ್ಟು ನುಣುಪಾಗಿತ್ತು.

“ಸ್ವಲ್ಪ ಇದೆಯೇನೋ,” ಎಂದಳು.

ಗಡಿಯಾರ ಓಡುತ್ತಲೇ ಇತ್ತು. ಎಷ್ಟು ಜೋಪಾನದ ಮನುಷ್ಯ, ಎಂದುಕೊಂಡಳು ಬೃಂದಾ.

ಲೆಕ್ಕ ಮುಗಿದಾಗ ಒಂದು ಕುರ್ಚಿಗೆ ಒಂಬತ್ತು ಗಂಟೆ ಎಂದು ಬಂತು.

“ಒಂಬತ್ತಾ?” ರಾಯರು ಕನ್ನಡಕ ಮೇಲಕ್ಕೆ ಸರಿಸಿದರು. “ಜಾಸ್ತಿ ಆಗ್ಲಿಲ್ವೇನಮ್ಮಾ?”

“ನಾನೇ ಪಕ್ಕದಲ್ಲಿ ಕೂತು ನೋಡಿದೀನಿ ಸಾರ್.”

“ಶರಿ. ಓದ್ಕೊಂಡವಳು ನೀನು.”

ಅದೇ ವಾರ ರಾಯರು ಒಂದು ಕಾಲೇಜ್ ಹಾಸ್ಟೆಲಿಗೆ ದೊಡ್ಡ ಕೊಟೇಶನ್ ಕಳಿಸಿದರು, ಒಂಬತ್ತು ಗಂಟೆಯ ಲೆಕ್ಕದಲ್ಲಿ. ಅದನ್ನು ಟೈಪ್ ಮಾಡಿದವಳೂ ಬೃಂದಾಳೇ. ಕುರ್ಚಿಯ ಕೆಲಸ ಮುಗಿದುಹೋಯಿತಲ್ಲ, ಇನ್ನು ಆ ಸ್ಟೂಲಿನ ಮೇಲೆ ಕೂರಲು ಏನು ನೆಪ... ಎನ್ನುವುದೊಂದೇ ಅವಳಿಗೆ ಆ ದಿನ ಇದ್ದ ಕೊರಗು.

* * *

ಏಪ್ರಿಲ್‌ನಲ್ಲಿ ಆ ಕುರ್ಚಿ ಮಾರಾಟಕ್ಕಾಗಿ ಸಾಲುಸಾಲಾಗಿ ತಯಾರಾಗತೊಡಗಿತು. ಆ ಸಾಲಿನ ಕೈಕೆಲಸವೂ ಉಸ್ತುವಾರಿಯೂ ತಿರುಮಲೇಶನದೇ.

ಅದೇ ಏಪ್ರಿಲ್‌ನಲ್ಲಿ ನವ್ಯಾ ಬಂದಳು.

ಕೋಡಂಬಾಕ್ಕಂನಲ್ಲಿ ಸಿನಿಮಾ ಸೆಟ್ಟುಗಳಿಗೆ ಮೇಜು, ಮಂಚ ಚಿತ್ರಿಸಿಕೊಡುತ್ತಿದ್ದವಳನ್ನು ರಾಯರು ಡಿಸೈನರ್ ಎಂದು ಕರೆತಂದಿದ್ದರು. ಮೈಸೂರಿನ ಹುಡುಗಿ. ಗಿಡ್ಡ ಕೂದಲು, ಜೀನ್ಸ್, ಜೋರು ದನಿ. ಒಳಗೆ ಕಾಲಿಟ್ಟವಳೇ ಮರಗೆಲಸದ ಶೆಡ್ಡಿನ ಬಾಗಿಲಲ್ಲಿ ಕೂಗಿದಳು:

“ಲೋ ತಿರುಮಲ! ನೀನಿಲ್ಲಿದೀಯೇನೋ?”

“ಅಯ್ಯೋ! ನೀನ್ಯಾಕ್ ಬಂದ್ಯೇ ಇಲ್ಲಿಗೆ? ಉಳಿದಿರೋ ನೆಮ್ಮದಿನೂ ಹೋಯ್ತು ಕಣೆ!”

ಅಕೌಂಟ್ಸ್ ಕೋಣೆಯ ಗಾಜಿನ ಹಿಂದೆ ಬೃಂದಾಳ ಪೆನ್ನು ನಿಂತಿತು.

ಕಣೆ...?

ಇಬ್ಬರೂ ಮೈಸೂರಿನ ಪಾಲಿಟೆಕ್ನಿಕ್‌ನಲ್ಲಿ ಒಟ್ಟಿಗೆ ಓದಿದವರು ಎಂದು ಮಧ್ಯಾಹ್ನದೊಳಗೆ ತಿಳಿಯಿತು. ತಿಳಿದದ್ದರಿಂದ ಸಮಾಧಾನವೇನೂ ಆಗಲಿಲ್ಲ. ಓದಿದವರೆಂದರೆ ಎಷ್ಟು ವರ್ಷ? ಒಟ್ಟಿಗೆ ಎಂದರೆ ಎಷ್ಟು ಒಟ್ಟಿಗೆ?

ಬೃಂದಾ ನೋಡಬಾರದು ಎಂದುಕೊಳ್ಳುತ್ತಲೇ ನೋಡಿದಳು. ನವ್ಯಾ ಕಾಫಿ ಲೋಟ ಹಿಡಿದು ಶೆಡ್ಡಿಗೆ ಹೋಗುವುದು. ನವ್ಯಾ ಕಾಗದ ಹಾಸಿ ಗೆರೆ ಎಳೆದು ತೋರಿಸುವುದು. ತಿರುಮಲೇಶ ತಲೆಯಾಡಿಸುವುದು. ಇಬ್ಬರೂ ಒಂದೇ ಸಲ ನಗುವುದು. ಅವರ ಕನ್ನಡ ಎಷ್ಟು ಸಲೀಸು! ತನ್ನ ಕನ್ನಡದಲ್ಲಿ ಅರ್ಧ ತಮಿಳು, ಕಾಲು ಇಂಗ್ಲಿಷು. ಉಪ್ಪುತಾಳು ಎಂದದ್ದನ್ನು ಅವನು ಇವಳ ಹತ್ತಿರ ಹೇಳಿ ನಕ್ಕಿರಬಹುದೇ...? ಆ ಯೋಚನೆ ಬಂದ ಮಧ್ಯಾಹ್ನ ಅವಳು ತಂದಿದ್ದ ಮೊಸರನ್ನದ ಡಬ್ಬಿ ತೆರೆಯಲೇ ಇಲ್ಲ.

ಆಮೇಲೊಂದು ದಿನ ಅದನ್ನೂ ಕಂಡಳು. ನವ್ಯಾ ಆ ಸ್ಟೂಲಿನ ಮೇಲೆ ಕೂತಿದ್ದಳು!

ಅಲುಗದ ಸ್ಟೂಲು. ನಾಲ್ಕು ಕಾಲೂ ನೆಲಕ್ಕೆ ಒತ್ತಿದ ಸ್ಟೂಲು. ತನಗಾಗಿ... ಛೆ, ತನಗಾಗಿ ಎಂದು ಅವನು ಯಾವತ್ತು ಹೇಳಿದ್ದ? ಕಾಲು ಸರಿಯಿಲ್ಲದ ಸ್ಟೂಲು, ಬಡಗಿ ರಿಪೇರಿ ಮಾಡಿದ. ಅಷ್ಟೇ ತಾನೆ?

ತಿರುಮಲೇಶ ಏನೋ ಹೇಳುತ್ತಿದ್ದ. ಗಾಜಿನ ಈಚೆಗೆ ಮಾತು ಕೇಳಿಸಲಿಲ್ಲ. ನವ್ಯಾ ನಾಲಗೆ ಹೊರಚಾಚಿ ಅಣಕಿಸಿ ಎದ್ದು ಹೋದಳು. ಎಷ್ಟು ಸಲಿಗೆ!

ಬೃಂದಾ ಪರದೆ ಎಳೆದಳು. ನಿಮಿಷದಲ್ಲೇ ಮತ್ತೆ ಸರಿಸಿದಳು.

* * *

ತಿಂಗಳ ವರದಿ ಬಂತು. ಒಂಬತ್ತು ಗಂಟೆಯ ಕುರ್ಚಿ ಆರು ಗಂಟೆಯಲ್ಲಿ ಆಗಿತ್ತು.

ಒಂದಲ್ಲ, ಎಲ್ಲ ಕುರ್ಚಿಗಳೂ. ತಪ್ಪಿರಬೇಕೆಂದು, ಹೊತ್ತು ಬರೆದಿಟ್ಟ ಜಾಬ್ ಕಾರ್ಡುಗಳನ್ನೆಲ್ಲ ಮತ್ತೆ ಕೂಡಿಸಿದಳು. ತಪ್ಪಿರಲಿಲ್ಲ. ಮುಂದಿನ ತಿಂಗಳೂ ಹಾಗೆಯೇ. ಮರದಲ್ಲಿ ವ್ಯತ್ಯಾಸವಿಲ್ಲ, ಪಾಲಿಶ್‌ನಲ್ಲಿ ಇಲ್ಲ. ಹೊತ್ತಿನಲ್ಲಿ ಮಾತ್ರ ಮೂರು ಗಂಟೆ ಉಳಿತಾಯ. ಬೇರೆ ಯಾರಾದರೂ ಆಗಿದ್ದರೆ ಇಂಥ ವ್ಯತ್ಯಾಸ ನೋಡಿ ಸಂತೋಷಪಡುತ್ತಿದ್ದರು.

ಬೃಂದಾ ವರದಿಯನ್ನು ದೂರ ತಳ್ಳಿದಳು.

‘ಅದೇ ಕುರ್ಚಿ. ಅದೇ ಕೈ. ನಾನು ಪಕ್ಕದಲ್ಲಿದ್ದಾಗ ಒಂಬತ್ತು ಗಂಟೆ. ಅವಳಿದ್ದಾಗ ಆರು. ನಾನಿದ್ದಾಗ ಆ ಕೈಗೆ ಎಷ್ಟು ಬೇಸರವಾಗಿರಬೇಕು! ಅವಳಿದ್ದರೆ ಹುರುಪು... ಕೆಲಸ ಹಾರಿಕೊಂಡು ಹೋಗುತ್ತೆ.’

ಜಗತ್ತಿನಲ್ಲಿ ಎಷ್ಟು ಜನ ಹೊಟ್ಟೆಕಿಚ್ಚು ಪಟ್ಟಿಲ್ಲ! ಆದರೆ ಅದನ್ನು ಲೆಕ್ಕ ಹಾಕಿ, ಸರಾಸರಿ ತೆಗೆದು, ಪ್ರತಿ ಕುರ್ಚಿಗೆ ಮೂರು ಗಂಟೆ ಎಂದು ನಿಖರವಾಗಿ ತಿಳಿದುಕೊಂಡವಳು ಬಹುಶಃ ಬೃಂದಾ ಒಬ್ಬಳೇ.

ಪಾಲಿಶ್ ವಿಭಾಗದ ಬೇಬಿಯಕ್ಕ ತಾಳವಾಡಿ ಕಡೆಯವಳು. ಎಲ್ಲರನ್ನೂ ಅಕ್ಕರೆಯಿಂದ ‘ಕಣ್ಣು’ ಎಂದೇ ಕರೆಯುವ ನಡುವಯಸ್ಸಿನ ಹೆಂಗಸು. ನೀರಿನ ಲಾರಿ ಬಂದಾಗ ಕೊಡ ಹಿಡಿದು ನಿಂತವಳು, ಪಕ್ಕದಲ್ಲೇ ಕೊಡ ಹಿಡಿದಿದ್ದ ಬೃಂದಾಳ ಮುಖ ನೋಡಿದಳು. ಆ ವರ್ಷ ಮದ್ರಾಸಿಗೆ ನೀರೇ ಇರಲಿಲ್ಲ; ಫ್ಯಾಕ್ಟರಿಯ ಅರ್ಧ ಮಾತುಕತೆ ಲಾರಿಯ ಹಿಂದೆಯೇ ನಡೆಯುತ್ತಿತ್ತು.

“ಯಾಕವ್ವ ಕಣ್ಣು, ಮುಖ ಹೊಗೆ ಹಿಡ್ದಂಗದೆ?”

“ಏನಿಲ್ಲ ಅಕ್ಕ. ಕುರ್ಚಿ ಕೆಲ್ಸ ಈಗ ಬಹಳ ಸ್ಪೀಡು ಅಲ್ವಾ?”

ಬೇಬಿಯಕ್ಕ ಕಿಸಕ್ಕನೆ ನಕ್ಕಳು. “ಸ್ಪೀಡಾ! ನೀನು ಕೂತಿದ್ದಾಗ ಆಮೆ ಆಗಿದ್ದ ನಮ್ಮ ತಿರುಮಲಣ್ಣ. ಈಗ ನೋಡು, ಕುದ್ರೆ ಆಗವ್ನೆ!”

ಅವಳು ಕಣ್ಣು ಮಿಟುಕಿಸಿದ್ದನ್ನು ಬೃಂದಾ ನೋಡಲಿಲ್ಲ. ಎಲ್ಲವನ್ನೂ ನೋಡುವ ಬೃಂದಾ, ನೋಡಬೇಕಾದ ಅದೊಂದನ್ನು ನೋಡದೆ, ಕೊಡವನ್ನೂ ಬಿಟ್ಟು ಒಳಗೆ ಓಡಿದಳು.

ಹಾಗಾದರೆ ಎಲ್ಲರಿಗೂ ಗೊತ್ತು! ಫ್ಯಾಕ್ಟರಿಗೇ ಗೊತ್ತು!

ಮೇಜಿನ ಮೇಲೆ ವರದಿಯಿತ್ತು. ಕೊನೆಯ ಅಂಕಣ ‘ಕಾರಣ’ ಖಾಲಿಯಿತ್ತು. ಯಾವ ಶಬ್ದವನ್ನೂ ಎರಡು ಸಲ ತೂಗದೆ ಬರೆಯದ ಹುಡುಗಿ ಅಂದು ಒಂದೇ ಉಸಿರಿಗೆ ಬರೆದಳು: ‘ಹೊಸ ಡಿಸೈನರ್ ಬಂದ ನಂತರ ಕೆಲಸಗಾರರ ಉತ್ಸಾಹ ಮತ್ತು ವೇಗ ಹೆಚ್ಚಿದೆ.’

ಆ ಸಂಜೆ ಬಸ್ ಸ್ಟಾಪಿನಲ್ಲಿ ತಿರುಮಲೇಶ ಎದುರಾದ.

“ಮೇಡಂ, ಈಗೆಲ್ಲ ಶೆಡ್ ಕಡೆ ಬರೋದೇ ಇಲ್ವಲ್ಲ?”

“ನಾನು ಬಂದ್ರೆ ನಿಮ್ ಕೆಲ್ಸ ನಿಧಾನ ಆಗುತ್ತೆ.”

ಅವನ ಮುಖ ಒಮ್ಮೆಲೇ ಕೆಂಪಾಯಿತು. “ಅದು... ನಿಮಗೆ ಹೇಗ್ ಗೊತ್ತಾಯ್ತು?”

ಇಲ್ಲ ಎನ್ನಲಿಲ್ಲ! ನಾಚಿಕೆಯಿಂದ ಒಪ್ಪಿಕೊಂಡ! ಬೃಂದಾಳ ಕಣ್ಣು ತುಂಬಿತು. “ಲೆಕ್ಕದಲ್ಲಿ ಎಲ್ಲಾ ಗೊತ್ತಾಗುತ್ತೆ,” ಎಂದವಳೇ, ಯಾವ ಕಡೆಯ ಬಸ್ಸೆಂದೂ ನೋಡದೆ ಹತ್ತಿಬಿಟ್ಟಳು. ಅವನು ಏನೋ ಕೂಗಿದ. ಬಸ್ಸಿನ ಸದ್ದಿನಲ್ಲಿ ಅದು ಅಡಗಿಹೋಯಿತು.

* * *

ವರದಿ ಓದಿ ರಾಯರು ಬಹಳ ಖುಷಿಪಟ್ಟರು. ಆ ಖುಷಿಯೇ ಮುಳುವಾಯಿತು.

“ಏನ್ಮಾ ಬೃಂದಾ, ಒಳ್ಳೆ ವಿಷಯ ಹಿಡಿದೆ! ಎಣ್ಣೂರ್ ಬಂದರಿನ ಹತ್ರ ಎಕ್ಸ್‌ಪೋರ್ಟ್ ಯೂನಿಟ್ ಶುರು ಮಾಡ್ತಿದೀನಲ್ಲ, ಅಲ್ಲಿಗೆ ಇಬ್ಬರನ್ನೂ ಕಳಿಸಿಬಿಡ್ತೀನಿ. ನವ್ಯಾ, ತಿರುಮಲೇಶ. ಜೋಡಿ ಚೆನ್ನಾಗಿ ಕೆಲ್ಸ ಮಾಡುತ್ತೆ ಅಂತ ನೀನೇ ಬರೆದಿದೀಯಲ್ಲ!”

ಜೋಡಿ!

“ಕಂಡಿಪ್ಪಾ... ಕಳಿಸ್ಲೇಬೇಕಾ ಸಾರ್?” ಬೃಂದಾ ಕೇಳಿದಳು.

“ಯಾಕೆ, ಬೇಡ್ವಾ?”

“ಅಲ್ಲ... ಪರವಾಯಿಲ್ಲೆ ಸಾರ್.”

ಪೋರೂರು ಊರಿನ ಈ ತುದಿ, ಎಣ್ಣೂರು ಆ ತುದಿ. ನನ್ನ ಕೈಯಾರೆ, ನನ್ನದೇ ಅಕ್ಷರದಲ್ಲಿ, ಅವನನ್ನು ಅವಳಿಗೆ ಒಪ್ಪಿಸಿಬಿಟ್ಟಿದ್ದೆನಲ್ಲ... ಬೃಂದಾ ಮನೆಗೆ ಹೋಗಿ, ತಲೆನೋವೆಂದು ಅಮ್ಮನಿಗೆ ಹೇಳಿ, ಗೋಡೆಯ ಕಡೆ ತಿರುಗಿ ಮಲಗಿದಳು.

ಜುಲೈನಲ್ಲಿ ಹಾಸ್ಟೆಲಿನವರ ಉತ್ತರ ಬಂತು. ಆರ್ಡರ್ ಬೇರೆಯವರ ಪಾಲಾಗಿತ್ತು. ನಿಮ್ಮ ಬೆಲೆ ಜಾಸ್ತಿ, ಎಂದಿದ್ದರು.

ರಾಯರು ಮೂವರನ್ನೂ ಕರೆಸಿದರು. ಬೃಂದಾ, ತಿರುಮಲೇಶ, ನವ್ಯಾ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

“ಒಂಬತ್ತು ಗಂಟೆ ಕೂಲಿ ಹಿಡಿದು ಬೆಲೆ ಕೊಟ್ಟೆ. ಆರು ಹಿಡಿದಿದ್ರೆ ಆರ್ಡರ್ ನಮ್ಮದೇ ಆಗ್ತಿತ್ತು. ಈಗ ನನಗೊಂದು ತಿಳೀಬೇಕು.” ರಾಯರು ಬೃಂದಾಳ ಕಡೆ ತಿರುಗಿದರು. “ಸ್ಟ್ಯಾಂಡರ್ಡೇ ತಪ್ಪಾ? ಇಲ್ಲಾ ಸ್ಟ್ಯಾಂಡರ್ಡ್ ಸರಿ, ನವ್ಯಾ ಬಂದ್ಮೇಲೆ ಮೂರು ಗಂಟೆ ಉಳೀತಾ? ಯೋಚ್ನೆ ಮಾಡಿ ಹೇಳಮ್ಮಾ. ಈ ತಿಂಗಳು ನಿನ್ನ ಪ್ರೊಬೇಷನ್ ಮುಗಿಯುತ್ತೆ.”

ಬೃಂದಾಳಿಗೆ ಅರ್ಥವಾಯಿತು. ಸ್ಟ್ಯಾಂಡರ್ಡ್ ತಪ್ಪು ಎಂದರೆ ತನ್ನ ಕೆಲಸ ಹೋದಂತೆ. ಸರಿ ಎಂದರೆ ಕೆಲಸ ಉಳಿಯುತ್ತದೆ, ಅವನು ನವ್ಯಾಳ ಜೊತೆ ಎಣ್ಣೂರಿಗೆ ಹೋಗುತ್ತಾನೆ.

ಅವಳು ತನ್ನ ಬೆರಳುಗಳನ್ನೇ ನೋಡುತ್ತ ನಿಂತಳು. ನಿಜ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ.

“ಸಾರ್... ಆ ಕಾರಣ ನಾನು ಬರೆದಿದ್ದು ತಪ್ಪು.”

“ಅಂದ್ರೆ?”

“ನಾನು ನೋಡಿದ್ದನ್ನ ಬರೀಲಿಲ್ಲ. ಅಂದ್ಕೊಂಡಿದ್ದನ್ನ ಬರೆದೆ. ನವ್ಯಾ ಅವರಿಂದ ವೇಗ ಜಾಸ್ತಿ ಆಯ್ತು ಅನ್ನೋದಕ್ಕೆ ನನ್ನ ಹತ್ರ ಏನೂ ಆಧಾರ ಇಲ್ಲ.”

ನವ್ಯಾ ಬಾಯಿ ತೆರೆದಳು. “ನನ್ನಿಂದ ವೇಗನಾ? ನಾನು ಆ ಶೆಡ್ಡಲ್ಲಿ ಐದು ನಿಮಿಷ ನಿಲ್ಲೋಕೂ ಇವ್ನು ಬಿಡಲ್ಲ ಸಾರ್! ಒಂದಿನ ಕಾಲು ನೋವು ಅಂತ ಸ್ಟೂಲ್ ಮೇಲೆ ಕೂತ್ರೆ ‘ಏಳೇ ಮೇಲೆ, ಅದು ಮೇಡಂದು’ ಅಂತ ಓಡಿಸ್ದ. ಇವ್ನಪ್ಪಂದಾ ಆ ಸ್ಟೂಲು?”

ಬೃಂದಾ ತಲೆಯೆತ್ತಿದಳು.

ಏನಂದಳು...? ಅದು... ಮೇಡಂದು?

“ಸಾರ್.” ತಿರುಮಲೇಶ ಒಂದು ಹೆಜ್ಜೆ ಮುಂದೆ ಬಂದ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗಿಟ್ಟ, ಮತ್ತೆ ತೆಗೆದ. “ಸ್ಟ್ಯಾಂಡರ್ಡ್ ತಪ್ಪು. ಆದ್ರೆ ಬೃಂದಾ ಮೇಡಂ ತಪ್ಪು ಮಾಡ್ಲಿಲ್ಲ. ನಾನು ಮಾಡಿಸಿದ್ದು. ಆ ಕುರ್ಚಿ ಯಾವತ್ತೂ ಆರು ಗಂಟೆ ಕುರ್ಚಿನೇ.”

“ಮತ್ತೆ ಅವಳ ಎದುರು ಒಂಬತ್ತು ಯಾಕಾಯ್ತಯ್ಯಾ? ಗಡಿಯಾರ ಇಟ್ಟ ತಕ್ಷಣ ಕೆಲಸಗಾರರು ಕೈ ನಿಧಾನ ಮಾಡೋದು ನನಗೂ ಗೊತ್ತು. ಹೊತ್ತು ಜಾಸ್ತಿ ಬರೆಸ್ಕೊಂಡ್ರೆ ಆಮೇಲೆ ಆರಾಮ ಅಂತಾನಾ? ನೀನೂ ಹಾಗೆ ಮಾಡಿದ್ಯಾ?”

“ಆರಾಮಕ್ಕಲ್ಲ ಸಾರ್.”

“ಮತ್ಯಾಕೆ?”

ತಿರುಮಲೇಶ ರಾಯರನ್ನು ನೋಡಲಿಲ್ಲ. ಬೃಂದಾಳನ್ನೂ ನೋಡಲಿಲ್ಲ. ಫ್ಯಾನನ್ನು ನೋಡಿ ಹೇಳಿದ:

“ಕುರ್ಚಿ ಮುಗಿದ್ರೆ ಅವ್ರು ಎದ್ದು ಹೋಗ್ತಿದ್ರು ಸಾರ್.”

ನವ್ಯಾ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು. ರಾಯರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಮೂವತ್ತು ವರ್ಷ ಆಯ್ತು ನಾನು ಈ ವ್ಯಾಪಾರಕ್ಕೆ ಬಂದು,” ಎಂದರು ಕೊನೆಗೆ. “ಮರ ಒದ್ದೆ ಅಂದಿದಾರೆ, ಕರೆಂಟ್ ಇಲ್ಲ ಅಂದಿದಾರೆ, ಹಬ್ಬ ಅಂದಿದಾರೆ. ಇಂಥ ಕಾರಣ ಯಾರೂ ಕೊಟ್ಟಿಲ್ಲ!” ಆಮೇಲೆ ದನಿ ಗಡುಸಾಯಿತು. “ನಗೋ ವಿಷಯ ಅಲ್ಲ ಇದು. ಒಂದು ಆರ್ಡರ್ ಹೋಯ್ತು. ನಾಳೆಯಿಂದ ಮತ್ತೆ ಹೊತ್ತು ನೋಡಿ. ಸರಿಯಾದ ಸ್ಟ್ಯಾಂಡರ್ಡ್ ನನ್ನ ಮೇಜಿನ ಮೇಲೆ ಬರಲಿ. ಬೃಂದಾ, ನಿನ್ನ ಕೆಲಸದ ಮಾತು ಅದನ್ನ ನೋಡಿ ಹೇಳ್ತೀನಿ. ತಿರುಮಲೇಶ, ನಿನ್ನ ಇನ್‌ಕ್ರಿಮೆಂಟ್ ಈ ವರ್ಷ ಇಲ್ಲ. ಎಣ್ಣೂರಿಗೆ ನವ್ಯಾ ಒಬ್ಬಳೇ ಹೋಗ್ಲಿ.”

“ಅಬ್ಬಾ, ಬದುಕಿದೆ!” ಎಂದಳು ನವ್ಯಾ. “ಈ ಮುಖ ನೋಡ್ಕೊಂಡು ಆ ಉಪ್ಪುಗಾಳೀಲಿ ಯಾರ್ ಇರ್ತಾರೆ?”

* * *

ನೀರಿನ ಲಾರಿಯ ಮರೆಯಲ್ಲಿ ತಿರುಮಲೇಶ ಬೃಂದಾಳನ್ನು ಹಿಡಿದು ನಿಲ್ಲಿಸಿದ, ಕೈಯಿಂದಲ್ಲ, ಮಾತಿನಿಂದ.

“ಮೇಡಂ, ಒಂದ್ನಿಮಿಷ...”

ಅವಳು ತಿರುಗಿದಳು. ಕಣ್ಣಲ್ಲಿ ನೀರಿತ್ತು. ಆದರೆ ಅದು ಅವನು ಅಂದುಕೊಂಡ ನೀರಲ್ಲ.

“ನನ್ನ ಕೆಲಸದ ಜೊತೆ ಆಟ ಆಡಿದ್ರಲ್ಲ! ಇದು ನನ್ನ ಮೊದಲ ಕೆಲ್ಸ. ಸರಿಯಾಗಿ ಮಾಡ್ಬೇಕು ಅಂತ ಎಷ್ಟು ಭಯ ಪಟ್ಕೊಂಡು ಮಾಡಿದ್ದೆ ಗೊತ್ತಾ ನಿಮಗೆ?”

“ಗೊತ್ತು. ತಪ್ಪಾಯ್ತು. ಕೊಟೇಶನ್ ಹೋಗಿದ್ದು ನಂಗೆ ಗೊತ್ತಿರ್ಲಿಲ್ಲ... ಗೊತ್ತಿದ್ದಿದ್ರೂ ಹೇಳ್ತಿದ್ನೋ ಇಲ್ವೋ. ಧೈರ್ಯ ಇರ್ಲಿಲ್ಲ.”

“ಅದರ ಬದಲು ಒಂದು ಮಾತು ಹೇಳಬಹುದಿತ್ತಲ್ಲ!”

“ಏನಂತ ಹೇಳ್ಲಿ? ನೀವು ಒಂದೊಂದು ಮಾತೂ ತೂಗಿ ಆಡೋರು. ನಾನ್ ಏನಾದ್ರೂ ಅಂದ್ರೆ, ಅದ್ರಲ್ಲಿ ಎಷ್ಟು ಹೆಚ್ಚು ಎಷ್ಟು ಕಮ್ಮಿ ಅಂತ ಬರ್ಕೋತೀರೇನೋ ಅಂತ...” ಅವನು ತಲೆ ಕೆರೆದುಕೊಂಡ. “ಬಸ್ ಸ್ಟಾಪಲ್ಲಿ ನೀವೇ ಅಂದ್ರಿ, ‘ನಾನು ಬಂದ್ರೆ ಕೆಲ್ಸ ನಿಧಾನ ಆಗುತ್ತೆ’ ಅಂತ. ನಿಮಗೆ ವಿಷಯ ಗೊತ್ತಾಗೋಯ್ತು, ಕೋಪ ಬಂದಿದೆ ಅಂದ್ಕೊಂಡೆ.”

ಬೃಂದಾ ಅವನನ್ನೇ ನೋಡಿದಳು. ತಾನು ಬೇಸರವೆಂದು ಓದಿದ್ದು ಇದನ್ನೇ? ತಿಂಗಳುಗಟ್ಟಲೆ ಗಾಜಿನ ಹಿಂದೆ ಕೂತು ಬೆಂದದ್ದು, ಊಟ ಬಿಟ್ಟದ್ದು, ಗೋಡೆ ಕಡೆ ತಿರುಗಿ ಅತ್ತದ್ದು... ಆ ಮೂರು ಗಂಟೆ ನವ್ಯಾಳಿಗೆ ಸಿಕ್ಕಿದ್ದೇ ಅಲ್ಲ. ಮೊದಲಿಂದಲೂ ತನ್ನದಾಗಿತ್ತು!

ಆದರೂ ಅವಳು ಸುಲಭದಲ್ಲಿ ಕರಗುವವಳಲ್ಲ.

“ನಾಳೆ ಬೆಳಿಗ್ಗೆ ಬರ್ತೀನಿ,” ಎಂದಳು. “ಸ್ಟಾಪ್‌ವಾಚ್ ತಗೊಂಡು. ಈ ಸಲ ಏನಾದ್ರೂ ಮೋಸ ಮಾಡಿದ್ರೆ ನಾನು ಮತ್ತೆ ಯಾವತ್ತೂ ಆ ಶೆಡ್ಡಿಗೆ ಕಾಲಿಡಲ್ಲ.”

ಲಾರಿಯ ಆಚೆ ಕೊಡ ತುಂಬಿಸುತ್ತಿದ್ದ ಬೇಬಿಯಕ್ಕ ಯಾರಿಗೂ ಅಲ್ಲದಂತೆ ಹೇಳಿದಳು, “ಅದ್ನೇ ತಾನೇ ಕಣ್ಣು ನಾನು ಅವತ್ತೇ ಹೇಳಿದ್ದು? ಆಮೆ ಅಂದ್ರೆ ಏನ್ ಅರ್ಥ ಮಾಡ್ಕಂಡೆ ನೀನು?”

* * *

ಮರುದಿನ ಸ್ಟೂಲು ಅದರ ಜಾಗದಲ್ಲೇ ಇತ್ತು. ಅದರ ಮೇಲೆ ಹೊಟ್ಟಿನ ಒಂದು ಕಣವೂ ಇರಲಿಲ್ಲ.

ಬೃಂದಾ ಕೂತಳು. ಗಡಿಯಾರ ಒತ್ತಿದಳು.

ಅವನು ಕೆಲಸ ಮಾಡಿದ. ಮಾತಿಲ್ಲ, ನಗುವಿಲ್ಲ, ಇವಳ ಕಡೆ ನೋಟವೂ ಇಲ್ಲ. ಕೀಸುಳಿಯ ಬಾಯಿಂದ ತೆಳ್ಳನೆಯ ಸುರುಳಿಗಳು ಸರಸರನೆ ಬಂದು ಬಿದ್ದವು. ಉಳಿಯ ಪೆಟ್ಟು ಒಂದೂ ವ್ಯರ್ಥವಾಗಲಿಲ್ಲ. ಬೃಂದಾ ಬೆರಗಾಗಿ ನೋಡಿದಳು. ಇಷ್ಟು ಚುರುಕಾದ ಕೈಗಳು! ಇವನ್ನು ತಡೆದು ತಡೆದು ನಿಧಾನ ಮಾಡಲು ಅವನು ಆ ದಿನಗಳಲ್ಲಿ ಎಷ್ಟು ಕಷ್ಟಪಟ್ಟಿರಬೇಕು...

ಕುರ್ಚಿಯ ಕೈಯನ್ನು ಉಜ್ಜಿದ. ಒಂದು ಸಲ. ಬೆರಳಾಡಿಸಿದ. ಪೇಪರ್ ಕೆಳಗಿಟ್ಟ.

“ಮುಗೀತು ಮೇಡಂ.”

ಅವಳು ಗಡಿಯಾರ ನಿಲ್ಲಿಸಿದಳು. ಆರು ಗಂಟೆಗೆ ಇನ್ನೂ ಕೆಲವು ನಿಮಿಷ ಬಾಕಿಯಿತ್ತು. ಬರೆದುಕೊಂಡಳು. ಪೆನ್ನಿನ ಮುಚ್ಚಳ ಹಾಕಿದಳು.

ಅವನು ಅವಳು ಏಳುವುದನ್ನೇ ಕಾಯುತ್ತ, ಬೇರೆ ಕಡೆ ನೋಡುತ್ತ ನಿಂತ.

ಅವಳು ಏಳಲಿಲ್ಲ.

“ಅವತ್ತು,” ಎಂದಳು ಬೃಂದಾ ಮೆಲ್ಲಗೆ, “ಕುರ್ಚಿ ಕೈನ ಎರಡನೇ ಸಲ ಉಜ್ಜಿದ್ರಲ್ಲ. ಒರಟಿದೆಯಾ ಮುಟ್ ನೋಡಿ ಅಂದ್ರಿ. ನಾನು ಇದೆಯೇನೋ ಅಂದೆ.”

“ಹೂಂ.”

“ಇರ್ಲಿಲ್ಲ. ನುಣ್ಣಗಿತ್ತು. ನಾನು ಗಡಿಯಾರ ನಿಲ್ಲಿಸ್ಬೇಕಿತ್ತು. ಅದು ನನ್ನ ಕೆಲಸ. ನಿಲ್ಲಿಸ್ಲಿಲ್ಲ.”

ತಿರುಮಲೇಶ ನಿಧಾನವಾಗಿ ತಿರುಗಿದ.

“ಯಾಕೆ?”

ಎಲ್ಲ ಮಾತನ್ನೂ ತೂಗಿ ಆಡುವವಳು ಈ ಮಾತನ್ನೂ ತೂಗಿದಳು. ಎಷ್ಟು ತೂಗಿದರೂ ಅದು ಅಷ್ಟೇ ಇತ್ತು.

“ನಿಲ್ಲಿಸಿದ್ರೆ ನಾನು ಎದ್ದು ಹೋಗ್ಬೇಕಿತ್ತಲ್ಲ.”

ಅವನ ಮುಖದಲ್ಲಿ ನಗು ಮೂಡುವುದನ್ನು ಅವಳು ಈ ಸಲ ತಲೆ ತಗ್ಗಿಸದೆ, ಪೂರ್ತಿಯಾಗಿ, ಕೊನೆಯವರೆಗೂ ನೋಡಿದಳು.

“ಮೇಡಂ...”

“ಮೇಡಂ ಬೇಡ.”

“ಮತ್ತೇನನ್ಲಿ?”

“ನವ್ಯಾಗೆ ಅಂತೀರಲ್ಲ...” ಅವಳ ಕಿವಿ ಕೆಂಪಾಯಿತು. “ಆ ‘ಕಣೆ’. ಅದು ಕೇಳ್ದಾಗೆಲ್ಲ ನನಗೆ ಎಷ್ಟು ಉರೀತಿತ್ತು ಗೊತ್ತಾ?”

“ಅಯ್ಯೋ! ಅದು ಅವಳ್ನ ಬೈಯೋಕೆ!”

“ಪರವಾಯಿಲ್ಲೆ. ನನ್ನನ್ನೂ ಬೈಯಿರಿ.”

ಅವನು ಹೊಸ ಕುರ್ಚಿಯನ್ನು ಎಳೆದು ಅವಳ ಸ್ಟೂಲಿನ ಎದುರಿಗಿಟ್ಟ. ಪಾಲಿಶ್ ಕಾಣದ ಹಸಿ ತೇಗದ ವಾಸನೆ ಇಬ್ಬರ ನಡುವೆ ಹರಡಿತು. ಅದರ ಮೇಲೆ ಕೂತು, ಮೊಣಕಾಲ ಮೇಲೆ ಕೈಯೂರಿ, ಅವನು ಕೇಳಿದ:

“ಕುರ್ಚಿ ಮುಗೀತಲ್ಲ... ಈಗ ಎದ್ದು ಹೋಗ್ತೀಯೇನೆ?”

ಬೃಂದಾ ಸ್ಟಾಪ್‌ವಾಚನ್ನು ಪರ್ಸಿನೊಳಗೆ ಹಾಕಿ, ಜಿಪ್ ಎಳೆದಳು.

“ಇಲ್ಲ ಕಣೋ,” ಎಂದಳು. “ಇಲ್ಲೇ ಇರ್ತೀನಿ.”